ಕ್ರ್ಯಾಂಕ್ ಬ್ಯಾಲೆನ್ಸಿಂಗ್: ಮೊದಲು ತಕ್ಕಡಿ, ಆಮೇಲೆ ಮಷೀನ್

ಜಿಪ್ಸಿ, ಎಸ್ಟೀಮ್‌ಗಳ 1298 ಸಿಸಿ ಎಂಜಿನ್ ಬಿಚ್ಚಿ ರ್ಯಾಲಿಗೋ ಆಟೋಕ್ರಾಸ್‌ಗೋ ಹೊಸದಾಗಿ ಕಟ್ಟುವವರಿಗೆ ಬೆಳಗಾವಿ ಒಳ್ಳೆಯ ಊರು. ಖಾನಾಪುರ ರಸ್ತೆಗುಂಟ ಉದ್ಯಮಬಾಗ, ಮಚ್ಛೆ ಕಡೆ ಫೌಂಡ್ರಿ, ಮಷೀನ್ ಶಾಪ್‌ಗಳಿಗೆ ಬರವಿಲ್ಲ. ಆದರೆ ಕ್ರ್ಯಾಂಕ್ (ಪಿಸ್ಟನ್‌ಗಳ ಮೇಲೆ-ಕೆಳಗಿನ ಓಟವನ್ನು ಸುತ್ತಾಟವಾಗಿ ಬದಲಿಸುವ ಶಾಫ್ಟ್) ಒಂದನ್ನೇ ಒಯ್ದು "ಬ್ಯಾಲೆನ್ಸ್ ಮಾಡಿಕೊಡ್ರಿ" ಅಂದರೆ ಅರ್ಧ ಕೆಲಸವೂ ಆಗುವುದಿಲ್ಲ. ಉಳಿದದ್ದು ನಿಮ್ಮ ಮೇಜಿನ ಮೇಲೆ, ತಕ್ಕಡಿಯ ಮುಂದೆ ಆಗಬೇಕು.

ಗ್ರಾಂಗಳಿಗೆ ಇಷ್ಟೊಂದು ತಲೆಕೆಡಿಸಿಕೊಳ್ಳುವುದು ಯಾಕೆ? ಕ್ರ್ಯಾಂಕಿನ ನಡುಗೆರೆಯಿಂದ 40 ಮಿ.ಮೀ. ದೂರದಲ್ಲಿ 10 ಗ್ರಾಂ ಹೆಚ್ಚಿದ್ದರೆ 4000 ಆರ್‌ಪಿಎಂನಲ್ಲಿ ಅದು ಸುಮಾರು 7 ಕೆ.ಜಿ. ಬಲದಿಂದ ಎಳೆಯುತ್ತದೆ. 8000ಕ್ಕೆ ಏರಿಸಿದರೆ 28 ಕೆ.ಜಿ. ದಾಟುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಕಂಪನಿ ಕೊಟ್ಟ ಬ್ಯಾಲೆನ್ಸ್ ಕಂಪನಿಯ ರೆಡ್‌ಲೈನ್‌ಗೆ, ಅಂದರೆ ಅದು ಹಾಕಿದ ಆರ್‌ಪಿಎಂ ಮಿತಿಗೆ, ಸಾಕು. ನೀವು ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಬದಲಿಸಿ ಇನ್ನೂ ಸಾವಿರ ಆರ್‌ಪಿಎಂ ಮೇಲೆ ಓಡಿಸುವಿರಾದರೆ ಆ ಲೆಕ್ಕ ನಿಮ್ಮದೇ.

ನಾಲ್ಕು ಸಿಲಿಂಡರಿನ ಸಾಲು ಎಂಜಿನ್‌ನಲ್ಲಿ 1 ಮತ್ತು 4ನೇ ಪಿಸ್ಟನ್ ಮೇಲಿದ್ದಾಗ 2 ಮತ್ತು 3 ಕೆಳಗಿರುತ್ತವೆ. ತೂಕ ಸಮನಾಗಿದ್ದರೆ ಒಂದರ ಎಳೆತವನ್ನು ಇನ್ನೊಂದು ತಾನೇ ಕಳೆಯುತ್ತದೆ. ಆದ್ದರಿಂದ ಈ ಕ್ರ್ಯಾಂಕನ್ನು ಬ್ಯಾಲೆನ್ಸಿಂಗ್ ಮಷೀನ್ ಮೇಲೆ ಬರಿದಾಗಿಯೇ ತಿರುಗಿಸಬಹುದು. ವಿ6, ವಿ8 ಎಂಜಿನ್‌ಗಳಿಗೆ, ಮಾರುತಿ 800ರಂಥ ಮೂರು ಸಿಲಿಂಡರಿನವಕ್ಕೆ ಹಾಗಲ್ಲ. ಅಲ್ಲಿ ರಾಡು-ಪಿಸ್ಟನ್‌ಗಳ ಬದಲಿಗೆ ಲೆಕ್ಕ ಹಾಕಿದ ತಾತ್ಕಾಲಿಕ ತೂಕಗಳನ್ನು, ಅಂದರೆ ಬಾಬ್‌ವೇಟ್‌ಗಳನ್ನು, ಪ್ರತಿ ಕ್ರ್ಯಾಂಕ್ ಪಿನ್‌ಗೆ (ರಾಡು ಕೂರುವ ಜಾಗಕ್ಕೆ) ಕಟ್ಟಬೇಕು. 'ಸಮನಾಗಿದ್ದರೆ' ಎಂಬ ಷರತ್ತನ್ನು ಮಾತ್ರ ಮರೆಯಬೇಡಿ. 75.5 ಮಿ.ಮೀ. ಸ್ಟ್ರೋಕಿನ (ಪಿಸ್ಟನ್ ಓಡುವ ದೂರದ) ಈ ಎಂಜಿನ್‌ನಲ್ಲಿ ಒಂದು ಪಿಸ್ಟನ್ 6 ಗ್ರಾಂ ಭಾರವಿದ್ದರೆ 7500 ಆರ್‌ಪಿಎಂನಲ್ಲಿ ಸುಮಾರು 14 ಕೆ.ಜಿ. ಬಲ ಯಾರೂ ಕಳೆಯದೆ ಉಳಿಯುತ್ತದೆ. ಕ್ರ್ಯಾಂಕ್ ಎಷ್ಟೇ ನಿಖರವಾಗಿದ್ದರೂ ಇದು ಹೋಗುವುದಿಲ್ಲ.

ತೂಗುವ ಮೊದಲು ಮಷೀನಿಂಗ್ ಪೂರ್ತಿ ಮುಗಿದಿರಬೇಕು. ಕ್ರ್ಯಾಂಕಿನ ಬಿರುಕು ಪರೀಕ್ಷೆ, ಬೆಂಡ್ ನೋಡುವುದು, ಜರ್ನಲ್ (ಬೇರಿಂಗ್‌ನಲ್ಲಿ ತಿರುಗುವ ದುಂಡು ಭಾಗ) ಗ್ರೈಂಡಿಂಗ್, ಹೊಸ ಬೋಲ್ಟ್ ಹಾಕಿ ರಾಡಿನ ಬಿಗ್ ಎಂಡ್ (ಕ್ರ್ಯಾಂಕಿಗೆ ಕೂರುವ ದೊಡ್ಡ ತುದಿ) ಹೋನ್ ಮಾಡಿಸುವುದು, ಪಿಸ್ಟನ್ ತಲೆಯಲ್ಲಿ ವಾಲ್ವ್ ಪಾಕೆಟ್ ಕತ್ತರಿಸುವುದು, ಎಲ್ಲವೂ. ಬ್ಯಾಲೆನ್ಸ್ ಆದಮೇಲೆ ಜರ್ನಲ್‌ಗಳನ್ನು 0.25 ಮಿ.ಮೀ. ಅಂಡರ್ ಸೈಜ್‌ಗೆ ಗ್ರೈಂಡ್ ಮಾಡಿಸಿದರೆ ಕ್ರ್ಯಾಂಕ್ ತಿರುಗುವ ನಡುಗೆರೆಯೇ ಒಂದಿಷ್ಟು ಸರಿಯಬಹುದು. ಕೊಟ್ಟ ದುಡ್ಡು ನೀರಿಗೆ ಹೋದಂತೆ.

ತಕ್ಕಡಿ 2 ಕೆ.ಜಿ. ತಾಳಬೇಕು, 0.1 ಗ್ರಾಂ ತೋರಿಸಬೇಕು. ಸರಾಫರ ಸಣ್ಣ ತಕ್ಕಡಿ 0.01 ಗ್ರಾಂ ತೋರಿಸಿದರೂ ಬಹಳಷ್ಟಕ್ಕೆ ರಾಡಿನ ತೂಕ ತಾಳುವ ಶಕ್ತಿ ಇರುವುದಿಲ್ಲ. ಫ್ಯಾನ್ ಆರಿಸಿ ತೂಗಿ. ಗಾಳಿಗೆ ಅಂಕಿ ಕುಣಿಯುತ್ತದೆ.

ಪಿಸ್ಟನ್‌ಗೆ ಅರ ಹಚ್ಚುವ ಮುನ್ನ ಪಿಸ್ಟನ್‌ಗಳನ್ನೂ ಗಜನ್ ಪಿನ್‌ಗಳನ್ನೂ (ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಪಿನ್‌ಗಳು) ಬೇರೆ ಬೇರೆ ತೂಗಿ. ಹೊಸ ಸೆಟ್ ಆಗಿದ್ದು ಪಿನ್ ಫಿಟ್ ಒಂದೇ ಇದ್ದರೆ ಭಾರದ ಪಿಸ್ಟನ್‌ಗೆ ಹಗುರ ಪಿನ್ ಜೋಡಿಸಿ. ಎಷ್ಟೋ ಸಲ ಅಷ್ಟರಲ್ಲೇ ವ್ಯತ್ಯಾಸ ಒಂದು ಗ್ರಾಂ ಒಳಗೆ ಬರುತ್ತದೆ. ಉಳಿದದ್ದನ್ನು ಒಳಗಡೆ, ಪಿನ್ ಬಾಸ್‌ನ ಕೆಳಗಿನ ದಪ್ಪ ಭಾಗದಿಂದ ತೆಗೆಯಿರಿ. ತಲೆಯ ಒಳಮೈ, ರಿಂಗ್ ಗ್ರೂವ್‌ಗಳ ಹಿಂಭಾಗ ಮುಟ್ಟಬಾರದು. ಅಲ್ಲಿ ತೆಳುವಾದರೆ ಪಿಸ್ಟನ್ ಒಡೆಯುತ್ತದೆ. ನಾಲ್ಕರ ನಡುವಿನ ಗುರಿ 0.5 ಗ್ರಾಂ.

ನಿಜವಾದ ತಾಳ್ಮೆ ಬೇಕಾಗುವುದು ಕನೆಕ್ಟಿಂಗ್ ರಾಡ್‌ಗೆ. ಅದರ ಬಿಗ್ ಎಂಡ್ ಕ್ರ್ಯಾಂಕಿನ ಜೊತೆ ಸುತ್ತುತ್ತದೆ, ಸ್ಮಾಲ್ ಎಂಡ್ ಪಿಸ್ಟನ್ ಜೊತೆ ಮೇಲೆ-ಕೆಳಗೆ ಓಡುತ್ತದೆ. ಹಾಗಾಗಿ ಒಟ್ಟು ತೂಕ ಒಂದೇ ಇದ್ದ ಮಾತ್ರಕ್ಕೆ ಸಾಲದು, ಎರಡೂ ತುದಿ ಬೇರೆ ಬೇರೆಯಾಗಿ ಹೊಂದಬೇಕು. ಒಂದು ತುದಿಯನ್ನು ಬಾಲ್ ಬೇರಿಂಗ್ ಮೇಲೆ ತೂಗುಹಾಕಿ, ಇನ್ನೊಂದನ್ನು ತಕ್ಕಡಿಯ ಮೇಲಿಟ್ಟು, ಎರಡೂ ಕಣ್ಣಿನ ನಡುಗೆರೆ ಸಮಮಟ್ಟಕ್ಕೆ ಬರುವಂತೆ ಸ್ಟ್ಯಾಂಡ್ ಮಾಡಿಕೊಳ್ಳಿ. ಬರೀ ಪಿನ್ ಮೇಲೆ ತೂಗುಹಾಕಿದರೆ ಘರ್ಷಣೆಯಿಂದ ಒಂದೇ ರಾಡ್ ಒಂದೊಂದು ಸಲ ಒಂದೊಂದು ಅಂಕಿ ತೋರಿಸುತ್ತದೆ. ಬೇರಿಂಗ್ ಶೆಲ್ ಇಲ್ಲದೆ, ಬೋಲ್ಟ್‌ಗಳಿದ್ದಂತೆ ತೂಗಿ. ಎರಡು ತುದಿಯ ಮೊತ್ತ ಇಡೀ ರಾಡಿನ ತೂಕಕ್ಕೆ ತಾಳೆಯಾಗದಿದ್ದರೆ ಸ್ಟ್ಯಾಂಡಿನಲ್ಲೇ ದೋಷವಿದೆ, ಗ್ರೈಂಡರ್ ಎತ್ತಬೇಡಿ.

ಮೊದಲು ನಾಲ್ಕೂ ಬಿಗ್ ಎಂಡ್‌ಗಳನ್ನು ಅತಿ ಹಗುರಾದದ್ದಕ್ಕೆ ಇಳಿಸಿ, ಕ್ಯಾಪಿನ ತಳದ ಪ್ಯಾಡ್‌ನಿಂದ ಮಾತ್ರ. ಆಮೇಲೆ ಸ್ಮಾಲ್ ಎಂಡ್ ನೆತ್ತಿಯಿಂದ ತೆಗೆಯುತ್ತ ಒಟ್ಟು ತೂಕ ಸರಿಮಾಡಿ. ಇಲ್ಲೊಂದು ಸೂಕ್ಷ್ಮವಿದೆ. ಕಣ್ಣಿಂದ ಕಣ್ಣಿಗೆ 120 ಮಿ.ಮೀ. ಇರುವ ರಾಡಿನಲ್ಲಿ ಸ್ಮಾಲ್ ಎಂಡ್ ನಡುವಿನಿಂದ 12 ಮಿ.ಮೀ. ಆಚೆ 1 ಗ್ರಾಂ ತೆಗೆದರೆ ಬಿಗ್ ಎಂಡಿನ ಅಂಕಿ 0.1 ಗ್ರಾಂ ಏರುತ್ತದೆ. ಅದಕ್ಕೇ ಕೊನೆಗೆ ಇನ್ನೊಮ್ಮೆ ತೂಗಬೇಕು. ಗ್ರೈಂಡಿಂಗ್ ಗೀರು ರಾಡಿನ ಉದ್ದಕ್ಕೇ ಇರಲಿ, ಅಡ್ಡಗೀರು ಬಿರುಕಿಗೆ ದಾರಿ. ಬೋಲ್ಟ್ ತಲೆಯ ಸುತ್ತ ಮುಟ್ಟಲೇಬೇಡಿ. ಒಂದು ರಾಡಿನ ಕ್ಯಾಪ್ ಇನ್ನೊಂದಕ್ಕೆ ಹೋಗದಂತೆ ನಂಬರ್ ಇರಲಿ.

ಈಗ ಮಷೀನ್. ಬ್ಲೇಡ್ ಅಂಚಿನ ಮೇಲೆ ಉರುಳಿಸಿ ನೋಡುವ ಪದ್ಧತಿ ಕ್ರ್ಯಾಂಕ್‌ಗೆ ಸಾಲದು. ಮುಂದಿನ ತುದಿಯ ಒಂದು ಮಗ್ಗುಲಲ್ಲಿ, ಹಿಂದಿನ ತುದಿಯ ಎದುರು ಮಗ್ಗುಲಲ್ಲಿ ಸಮ ಭಾರವಿದ್ದರೆ ಅದು ಅಂಚಿನ ಮೇಲೆ ಅಲ್ಲಾಡದೆ ನಿಲ್ಲುತ್ತದೆ, ಓಡುವಾಗ ಮಾತ್ರ ತೊನೆಯುತ್ತದೆ. ಹೆಚ್ಚಾಗಿ ಇಂಪೆಲ್ಲರ್, ಮೋಟಾರ್ ರೋಟರ್ ಮಾಡುವ ಶಾಪ್ ಆಗಿದ್ದರೆ ಎರಡು ಪ್ಲೇನ್ ಬ್ಯಾಲೆನ್ಸಿಂಗ್ (ಎರಡೂ ತುದಿಯಲ್ಲಿ ಬೇರೆ ಬೇರೆ ಅಳೆದು ತಿದ್ದುವುದು) ಬೇಕು, ಆಧಾರ ಮೇನ್ ಜರ್ನಲ್‌ಗಳ ಮೇಲಿರಲಿ ಎಂದು ಮೊದಲೇ ಹೇಳಿ. 500 ಆರ್‌ಪಿಎಂನಲ್ಲಿ ತಿರುಗಿಸುತ್ತಾರಲ್ಲ ಎಂಬ ಅನುಮಾನ ಬೇಡ. ಹೆಚ್ಚುವರಿ ಗ್ರಾಂ, ಅದಿರುವ ದೂರ ವೇಗದೊಂದಿಗೆ ಬದಲಾಗುವುದಿಲ್ಲ, ಬಲವಷ್ಟೇ ಬದಲಾಗುತ್ತದೆ.

ಎಷ್ಟು ಉಳಿದರೆ ನಡೆದೀತು ಎಂಬುದನ್ನು ಬರೆದುಕೊಡಿ: 9549ನ್ನು ಬ್ಯಾಲೆನ್ಸ್ ಗ್ರೇಡಿನ (ಎಷ್ಟು ನಿಖರತೆ ಬೇಕೆಂದು ಹೇಳುವ 'ಜಿ' ದರ್ಜೆಯ) ಸಂಖ್ಯೆಯಿಂದಲೂ ಕೆ.ಜಿ.ಯಿಂದಲೂ ಗುಣಿಸಿ ಆರ್‌ಪಿಎಂನಿಂದ ಭಾಗಿಸಿ. 12 ಕೆ.ಜಿ. ಕ್ರ್ಯಾಂಕ್, 7500 ಆರ್‌ಪಿಎಂ, ಜಿ 2.5 ಆದರೆ ಒಟ್ಟು 38 ಗ್ರಾಂ-ಮಿ.ಮೀ. ಎರಡು ಪ್ಲೇನ್‌ಗೆ ಹಂಚಿದರೆ, 40 ಮಿ.ಮೀ. ದೂರದಲ್ಲಿ ಒಂದೊಂದಕ್ಕೆ ಅರ್ಧ ಗ್ರಾಂ ಹತ್ತಿರ. ಕೌಂಟರ್‌ವೇಟ್‌ನಲ್ಲಿ (ಕ್ರ್ಯಾಂಕಿನ ಎದುರುತೂಕದಲ್ಲಿ) 10 ಮಿ.ಮೀ. ಡ್ರಿಲ್ 10 ಮಿ.ಮೀ. ಆಳ ಇಳಿದರೆ ಉಕ್ಕಿನಲ್ಲಿ 6 ಗ್ರಾಂ ಹೋಗುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಕೊರೆಸಿ. ಭಾರ ಸೇರಿಸಬೇಕಾದರೆ ಟಂಗ್‌ಸ್ಟನ್ ತುಂಡನ್ನು ಕ್ರ್ಯಾಂಕಿನ ಉದ್ದದ ದಿಕ್ಕಿಗೇ ಕೂರಿಸಬೇಕು. ಹೊರಮುಖವಾಗಿ ಕೂರಿಸಿದರೆ ಒಂದು ದಿನ ಹಾರಿ ಬ್ಲಾಕ್ ಸೀಳುತ್ತದೆ.

ಕ್ರ್ಯಾಂಕ್ ಸರಿಯಾದ ಮೇಲೆ ಮುಂದಿನ ಪುಲ್ಲಿ, ಆಮೇಲೆ ಫ್ಲೈವೀಲ್, ಕೊನೆಗೆ ಕ್ಲಚ್ಚಿನ ಪ್ರೆಶರ್ ಪ್ಲೇಟ್, ಒಂದೊಂದಾಗಿ ಸೇರಿಸಿ ಆಯಾ ಭಾಗದಲ್ಲೇ ತಿದ್ದಿಸಿ. ಎಲ್ಲ ಕಟ್ಟಿ ಒಟ್ಟಿಗೇ ತಿದ್ದಿದರೆ ನಾಳೆ ಕ್ಲಚ್ ಬದಲಿಸಿದ ದಿನವೇ ಬ್ಯಾಲೆನ್ಸ್ ಹೋಯಿತು. ಪ್ರೆಶರ್ ಪ್ಲೇಟ್ ಕೂತ ಜಾಗಕ್ಕೆ ಪಂಚ್ ಗುರುತು ಹಾಕಿ. ಹಗುರ ಫ್ಲೈವೀಲ್ ಬೇಕೆಂದರೆ ಉಕ್ಕಿನದೇ ತನ್ನಿ. ಎರಕದ ಕಬ್ಬಿಣದ್ದನ್ನು ಲೇತ್‌ನಲ್ಲಿ ಕೆತ್ತಿ ತೆಳ್ಳಗೆ ಮಾಡಿದರೆ ಮೇಲಿನ ಆರ್‌ಪಿಎಂನಲ್ಲಿ ಸಿಡಿದು ಕಾಲಿಗೇ ಬರಬಹುದು.

ಇಷ್ಟಾದರೂ ನಾಲ್ಕು ಸಿಲಿಂಡರಿನ ಸಹಜ ಕಂಪನ, ಎಂಜಿನ್ ವೇಗದ ಎರಡು ಪಟ್ಟಿನದು, ಹಾಗೇ ಇರುತ್ತದೆ. ಅದು ಈ ಮಷೀನಿಗೆ ಸಿಗುವಂಥದ್ದಲ್ಲ. ಕ್ರ್ಯಾಂಕ್ ತಿರುಚಿಕೊಳ್ಳುವ ಕಂಪನವೂ ಅಷ್ಟೇ. ಆ ಕಂಪನ ತಗ್ಗಿಸಲೆಂದು ಕಂಪನಿ ರಬ್ಬರ್ ಡ್ಯಾಂಪರ್ ಪುಲ್ಲಿ ಕೊಟ್ಟಿದ್ದರೆ ಅದನ್ನು ಕಿತ್ತು ಗಟ್ಟಿ ಅಲ್ಯೂಮಿನಿಯಂ ಪುಲ್ಲಿ ಹಾಕಬೇಡಿ.

ಕ್ರ್ಯಾಂಕ್ ಮನೆಗೆ ಬಂದ ಮೇಲೆ ಎಣ್ಣೆ ದಾರಿಗಳ ಪ್ಲಗ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ಉದ್ದ ಬ್ರಷ್ ಆಡಿಸಿ, ಗಾಳಿ ಹೊಡೆದು, ಮತ್ತೆ ತೊಳೆಯಿರಿ. ಡ್ರಿಲ್ಲಿನ ಒಂದು ಸಣ್ಣ ಚೂರು ಒಳಗುಳಿದರೂ ಹೊಸ ಶೆಲ್ ಮೊದಲ ಸ್ಟಾರ್ಟ್‌ನಲ್ಲೇ ಗೀರುತ್ತದೆ. ತಕ್ಷಣ ಕಟ್ಟುವುದಿಲ್ಲವಾದರೆ ಜರ್ನಲ್‌ಗಳಿಗೆ ಎಣ್ಣೆ ಹಚ್ಚಿ ಪ್ಲಾಸ್ಟಿಕ್ ಸುತ್ತಿ ನಿಲ್ಲಿಸಿಡಿ. ಬೆಳಗಾವಿ ಮಳೆಗಾಲದ ತೇವಕ್ಕೆ ಬರಿ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ.