ಮುಂದೆ ಕಾರು, ಹಿಂದೆ ಲಾರಿ

ವಿಡಿಯೊ ಕಾಲ್‌ನಲ್ಲಿ ಗಾಡಿ ತೋರಿಸಿದ ಕೂಡಲೇ ಅಮ್ಮ ಕೇಳಿದ್ದು, "ಹಿಂದಿನ ಸೀಟು ಎಲ್ಲೋ?" ಹಿಂದೆ ಸೀಟಿಲ್ಲಮ್ಮ, ಗೂಡ್ಸ್ ಆಟೋ ತರ ಸಾಮಾನು ಹಾಕುವ ಜಾಗ ಅಂದೆ. ಫೋನು ತಕ್ಷಣ ಅಪ್ಪನ ಕೈಗೆ ಹೋಯಿತು. "ಐವತ್ತು ವರ್ಷದ ಹಳೇ ಗಾಡಿನಾ? ನೀನು ದುಡ್ಡು ಕೊಟ್ಟೆಯಾ, ಇಲ್ಲ ತಗೊಂಡು ಹೋಗು ಅಂತ ಅವರೇ ಕೊಟ್ಟರಾ?"

ನಾನೇ ಕೊಟ್ಟೆ, ಹನ್ನೊಂದೂವರೆ ಸಾವಿರ ಡಾಲರ್. ಗಾಡಿ 1974ರ ಷೆವ್ರೊಲೆ ಎಲ್ ಕಮೀನೋ.

ಬಾಗಿಲವರೆಗೆ ಷೆವೆಲ್ ಅನ್ನೋ ಕಾರು, ಅಲ್ಲಿಂದ ಹಿಂದಕ್ಕೆ ಪಿಕಪ್. ಈ ಜಾತಿಯ ಗಾಡಿ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. ಭಾನುವಾರ ಚರ್ಚಿಗೆ ಹೋಗೋಕೆ, ಸೋಮವಾರ ಹಂದಿಗಳನ್ನು ಸಂತೆಗೆ ಸಾಗಿಸೋಕೆ ಒಂದೇ ಗಾಡಿ ಮಾಡಿಕೊಡಿ ಅಂತ ರೈತನ ಹೆಂಡತಿಯೊಬ್ಬಳು ಫೋರ್ಡ್ ಕಂಪನಿಗೆ ಪತ್ರ ಬರೆದಳಂತೆ, 1934ರಲ್ಲಿ ಲ್ಯೂ ಬ್ಯಾಂಟ್ ಅನ್ನುವ ಎಂಜಿನಿಯರ್ ಕೈಯಿಂದ ಅದು ಹೊರಗೆ ಬಂತು. ಅಮೆರಿಕದಲ್ಲಿ ಫೋರ್ಡ್ 1957ರಲ್ಲಿ ರಾಂಚೆರೋ ತಂದಿತು. ಷೆವ್ರೊಲೆ 1959ರಲ್ಲಿ ಎಲ್ ಕಮೀನೋ ತಂದು, ಎರಡೇ ವರ್ಷಕ್ಕೆ ನಿಲ್ಲಿಸಿ, 1964ರಲ್ಲಿ ಮತ್ತೆ ಶುರು ಮಾಡಿ 1987ರವರೆಗೆ ಎಳೆಯಿತು. ರಾಂಚೆರೋ ಅಷ್ಟರಲ್ಲಿ, 1979ಕ್ಕೇ, ಮುಗಿದಿತ್ತು.

ನನಗೆ ಈ ಹುಚ್ಚು ಹತ್ತಿದ್ದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ನಾವು ಕೊತ್ತಂಬರಿ ಸೊಪ್ಪು, ದೋಸೆ ಅಕ್ಕಿ ತರುವ ರಸ್ತೆಯ ಹೆಸರೇ ಎಲ್ ಕಮೀನೋ ರಿಯಲ್. ಅದರ ಸಿಗ್ನಲ್‌ನಲ್ಲಿ ಒಂದು ದಿನ ಪಕ್ಕಕ್ಕೆ ಬಂದು ನಿಂತ ಕೆಂಪು ಗಾಡಿಯ ಮೇಲೂ ಅದೇ ಹೆಸರು. ಅಷ್ಟೇ, ಕಥೆ ಮುಗಿಯಿತು.

ಹುಡುಕೋಕೆ ಶುರು ಮಾಡಿದಾಗ ನಾನು ಬಣ್ಣ ನೋಡುತ್ತಿದ್ದೆ, ಎಂಜಿನ್ ನೋಡುತ್ತಿದ್ದೆ. ಕ್ಯಾಲಿಫೋರ್ನಿಯಾದಲ್ಲಿ ಮೊದಲು ನೋಡಬೇಕಾದ್ದು ಇಸವಿ. 1975ರವರೆಗಿನ ಪೆಟ್ರೋಲ್ ಗಾಡಿಗಳಿಗೆ ಎರಡು ವರ್ಷಕ್ಕೊಮ್ಮೆ ಮಾಡಿಸುವ ಹೊಗೆ ತಪಾಸಣೆ ಇಲ್ಲ. 1976 ಆಯಿತೋ, ಇದೆ. ಬೇರೆ ಎಂಜಿನ್ ಹಾಕಿದ್ದರೆ ಅದು ಗಾಡಿಯಷ್ಟೇ ಅಥವಾ ಅದಕ್ಕಿಂತ ಹೊಸ ಇಸವಿಯದಾಗಿರಬೇಕು, ಆ ಎಂಜಿನ್‌ನ ಹೊಗೆ ತಗ್ಗಿಸುವ ಸಾಮಾನೆಲ್ಲ ಜೊತೆಗೇ ಇರಬೇಕು, ರೆಫರಿ ಅನ್ನುವ ಸರ್ಕಾರಿ ಪರೀಕ್ಷಕರು ನೋಡಿ ಒಪ್ಪಬೇಕು. ಇದು ಗೊತ್ತಿಲ್ಲದೆ ನಾನು 1981ರ ಒಂದು ಗಾಡಿಗೆ ಅಡ್ವಾನ್ಸ್ ಕೊಡುವುದರಲ್ಲಿದ್ದೆ. ಚೆಂದದ ಗಾಡಿ, ಗುಜರಿಯಿಂದ ತಂದ 5.3 ಲೀಟರ್ ಎಲ್‌ಎಸ್ ಎಂಜಿನ್ ಕೂರಿಸಿದ್ದರು, ಸದ್ದು ಕೇಳಿದರೆ ರೋಮಾಂಚನ. ಸ್ಮಾಗ್ ಸರ್ಟಿಫಿಕೇಟ್, ಅಂದರೆ ಹೊಗೆ ತಪಾಸಣೆ ಪಾಸಾದ ಚೀಟಿ, ಎಲ್ಲಿ ಅಂತ ಕೇಳಿದೆ. ಮಾರುವವನು ಮಾತು ಹವಾಮಾನದ ಕಡೆ ತಿರುಗಿಸಿದ.

ಆಮೇಲೆ ಸಿಕ್ಕಿದ್ದು 1970ರ "ಎಸ್‌ಎಸ್". ಎಸ್‌ಎಸ್ ಅಂದರೆ ಸೂಪರ್ ಸ್ಪೋರ್ಟ್, ಜೋರು ಎಂಜಿನ್‌ನ ವಿಶೇಷ ಮಾದರಿ. ಅಸಲಿ ಆದರೆ ಬೆಲೆ ಎಲ್ಲಿಗೋ ಹೋಗುತ್ತದೆ, ಅದಕ್ಕೇ ನಕಲಿ ಜಾಸ್ತಿ. ಆ ವರ್ಷದ ಚಾಸಿಸ್ ನಂಬರ್ ನೋಡಿದರೆ ಎಂಟು ಸಿಲಿಂಡರಿನ ವಿ8 ಎಂಜಿನ್ ಹೌದೋ ಅಲ್ಲವೋ ಗೊತ್ತಾಗುತ್ತದೆ, ಎಸ್‌ಎಸ್ ಹೌದೋ ಅಲ್ಲವೋ ಗೊತ್ತಾಗುವುದಿಲ್ಲ. ಅದಕ್ಕೆ ಗಾಡಿಗೆ ಏನೇನು ಹಾಕಿದರು ಅಂತ ಬರೆದಿರುವ ಫ್ಯಾಕ್ಟರಿಯ ಬಿಲ್ಡ್ ಶೀಟ್ ಬೇಕು. ಇವರ ಹತ್ತಿರ ಇದ್ದದ್ದು ಸ್ಟಿಕ್ಕರ್ ಮಾತ್ರ. ಜೇಬಿನಿಂದ ಮ್ಯಾಗ್ನೆಟ್ ತೆಗೆದು ಹಿಂದಿನ ಚಕ್ರದ ಮೇಲ್ಗಡೆಯ ತಗಡಿಗೆ ಹಚ್ಚಿದೆ, ಜಾರಿ ಬಿತ್ತು. ಒಳಗೆಲ್ಲ ಪುಟ್ಟಿ.

ತುಕ್ಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಾರಿನ ತಳದ ಮೇಲೇ ಪಿಕಪ್ ಕಟ್ಟಿದ್ದಾರಲ್ಲ, ಹಿಂದಿನ ಸೀಟಿನವರು ಕಾಲಿಡುವ ಹಳ್ಳ ಹಾಗೇ ಉಳಿದಿದೆ, ಮೇಲೆ ತಗಡು ಮುಚ್ಚಿದೆ ಅಷ್ಟೇ. ಹಿಂದಿನ ಗಾಜಿನ ಬುಡದಿಂದ ಸೋರಿದ ನೀರು, ಎಲೆ, ಮಣ್ಣು ಎಲ್ಲ ಅಲ್ಲಿ ಸೇರಿಕೊಂಡು ಕೆಳಗಿನಿಂದ ತಿಂದು ಹಾಕುತ್ತದೆ. ಮೇಲೆ ಪೇಂಟ್ ಕನ್ನಡಿ ಹಾಗಿರುತ್ತದೆ! ಮುಂದಿನ ಭಾಗ ಕೆಟ್ಟರೆ ಚಿಂತೆ ಇಲ್ಲ, ಷೆವೆಲ್ ಕಾರಿನ ಫೆಂಡರ್, ಬಾನೆಟ್ ಕೂರುತ್ತವೆ. ಹಿಂದಿನ ಗಾಜು, ಸ್ಟೀಲ್ ಪಟ್ಟಿಗಳು ಇವಕ್ಕೇ ಅಂತ ಮಾಡಿದ್ದು, ಕಳೆದುಹೋದರೆ ಅಲೆದಾಟ. ಎಂಜಿನ್ ಬೇಕಾದರೆ ಕೆಟ್ಟಿರಲಿ, ಟಿಂಕರಿಂಗ್ ಕೆಲಸ ಇರುವ ಗಾಡಿ ಬೇಡ, ಇದು ನನ್ನ ಲೆಕ್ಕ.

ಕೊನೆಗೆ ಮೊಡೆಸ್ಟೋ ಕಡೆ ಈ 1974ರದ್ದು ಸಿಕ್ಕಿತು. ಜನ ಮುಗಿಬೀಳುವುದು 1968ರಿಂದ 72ರವರೆಗಿನ ರೂಪಕ್ಕೆ. 73ರಿಂದ ಮೂತಿ ದಪ್ಪ, ಬಂಪರ್ ದಪ್ಪ, ಹಾಗಾಗಿ ಕೇಳುವವರು ಕಮ್ಮಿ. ಆದರೆ ಮುಂದೆ ಡಿಸ್ಕ್ ಬ್ರೇಕ್ ಇದೆ, ಸ್ಮಾಗ್ ಗೋಳಿಲ್ಲ. ನನಗಂತೂ ಆ ಮೂತಿಯೂ ಇಷ್ಟ. ನೋಂದಣಿಯಲ್ಲಿ ಮಾತ್ರ ಒಂದು ತಮಾಷೆ, ಸರ್ಕಾರದ ಲೆಕ್ಕದಲ್ಲಿ ಇದು ಪಿಕಪ್, ಅದಕ್ಕೇ ಕಮರ್ಷಿಯಲ್ ನಂಬರ್ ಪ್ಲೇಟು, ಮೇಲೆ ತೂಕದ ಶುಲ್ಕ ಬೇರೆ.

ಎಂಜಿನ್ 350 ಕ್ಯೂಬಿಕ್ ಇಂಚು, ಅಂದರೆ 5.7 ಲೀಟರ್. ಹಿಂದಿನ ಯಜಮಾನ ಹಿಂಬದಿ ಆಕ್ಸಲ್‌ಗೆ 3.73 ಗೇರು ಹಾಕಿದ್ದ, ಅಂದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಡ್ರೈವ್ ಶಾಫ್ಟ್ 3.73 ಸುತ್ತು, ಗೇರ್‌ಬಾಕ್ಸ್ ಮೂರೇ ಗೇರಿನದು. ಹೈವೇಯಲ್ಲಿ ಗಂಟೆಗೆ 65 ಮೈಲಿ ವೇಗದಲ್ಲಿ ಹೋದರೆ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿ ಬೊಬ್ಬೆ ಹೊಡೆಯುತ್ತಿತ್ತು, ಮೈಲೇಜು ಲೀಟರ್‌ಗೆ ಐದು ಕಿಲೋಮೀಟರ್. ಅದಕ್ಕೆ 200-4ಆರ್ ಅನ್ನುವ ನಾಲ್ಕು ಗೇರಿನ ಬಾಕ್ಸ್ ಹಾಕಿದೆವು, ನಾನು ಮತ್ತು ಹಾಸನದ ಗೆಳೆಯ, ನಾಲ್ಕು ಶನಿವಾರ, ಗ್ಯಾರೇಜಿನ ನೆಲದ ಮೇಲೆ ಮಲಗಿಕೊಂಡು. ಹಳೆಯದರಷ್ಟೇ ಉದ್ದ ಇರುವುದರಿಂದ ಡ್ರೈವ್ ಶಾಫ್ಟ್ ಕತ್ತರಿಸುವ ಕೆಲಸ ಇಲ್ಲ, ಗೇರ್‌ಬಾಕ್ಸ್ ಕೂರುವ ಅಡ್ಡಪಟ್ಟಿ, ಕ್ರಾಸ್‌ಮೆಂಬರ್, ಹಿಂದಕ್ಕೆ ಸರಿಸಿದರೆ ಆಯಿತು. ಕಷ್ಟ ಇದ್ದದ್ದು ಕಾರ್ಬುರೇಟರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಟಿವಿ, ಅಂದರೆ ಥ್ರಾಟಲ್ ವಾಲ್ವ್, ಕೇಬಲ್‌ನಲ್ಲಿ. ಅದು ಒಂಚೂರು ಸಡಿಲ ಇದ್ದರೂ ಒಳಗೆ ಆಯಿಲ್ ಒತ್ತಡ ಸಾಲದೆ ಕ್ಲಚ್ಚುಗಳು ಸುಟ್ಟು ಹೋಗುತ್ತವೆ. ಗೇಜ್ ಹಾಕಿ ಒತ್ತಡ ನೋಡುವವರೆಗೆ ಗಾಡಿ ಹೊರಗೆ ತೆಗೆಯಲು ಗೆಳೆಯ ಬಿಡಲಿಲ್ಲ. ಈಗ ಅದೇ ವೇಗಕ್ಕೆ 2000 ಸುತ್ತು, ಪಕ್ಕದವರ ಮಾತು ಕೇಳಿಸುತ್ತದೆ.

ಪಕ್ಕದವರು ಅಂದರೆ ಹೆಂಡತಿ ಮತ್ತು ಮಗಳು, ಮೂವರೂ ಒಂದೇ ಉದ್ದ ಸೀಟಿನಲ್ಲಿ. ಗಾಡಿ ಬಂದ ಮೇಲೆ ಕನ್ನಡ ಬಳಗದಲ್ಲಿ ಯಾರು ಮನೆ ಬದಲಿಸಿದರೂ ಮೊದಲ ಫೋನು ನನಗೇ ಬರುತ್ತದೆ, ಹೋದ ವಾರವೂ ಒಂದು ಸೋಫಾ, ಎರಡು ಗ್ರೈಂಡರ್.

ಹಿಂದಿನ ಗಾಜಿನ ರಬ್ಬರ್ ಇನ್ನೂ ಹಳೆಯದೇ ಇದೆ. ನವೆಂಬರ್‌ನಲ್ಲಿ ಮಳೆ ಶುರುವಾಗುವುದರೊಳಗೆ ಅದನ್ನು ಬದಲಿಸಬೇಕು.