ಕಲ್ಲು ಕೊಡೋದು ಯಾರ ಕೆಲಸ?

ಕೊಡಗಿನ ಸುಂಟಿಕೊಪ್ಪ ಕಡೆಯ ಒಂದು ಕಾಫಿ ತೋಟದಲ್ಲಿ ಪಿಕಪ್ ಓಡಿಸುತ್ತೇನೆ. ಹನ್ನೊಂದು ವರ್ಷ ಆಯಿತು. ಸಂಪಾಜೆ ಘಾಟಿ, ಮಾಕುಟ್ಟ ಘಾಟಿ ಎರಡನ್ನೂ ಸುರಿಯುವ ಮಳೆಯಲ್ಲಿ ಲೋಡ್ ಸಮೇತ ಇಳಿದಿದ್ದೇನೆ. 2018ರ ಆಗಸ್ಟ್‌ನಲ್ಲಿ ಬರೆ, ಅಂದರೆ ರಸ್ತೆ ಬದಿಯ ಮಣ್ಣಿನ ಗೋಡೆ, ಜರಿದು ದಾರಿಗಳೆಲ್ಲ ಹೋದಾಗಲೂ ಗಾಡಿ ಓಡಿಸಿದ್ದೇನೆ. ಒಂದು ದಿನವೂ ನನ್ನ ಗಾಡಿ ಯಾರಿಗೂ ತಾಗಿರಲಿಲ್ಲ. ತಾಗಿದ್ದು ಹೋದ ಜನವರಿಯಲ್ಲಿ. ಆಗ ನಾನು ಸೀಟಿನಲ್ಲೇ ಇರಲಿಲ್ಲ.

ಅರಾಬಿಕಾ ಮುಗಿಯುತ್ತಾ ಬಂದಿತ್ತು, ರೋಬಸ್ಟಾ ಶುರುವಾಗಿತ್ತು. ಕಣದಲ್ಲಿ ಜಾಗ ಇಲ್ಲ. ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಕಾಫಿ ಬೀಜ) ಎಲ್ಲ ಬೇಗ ಕುಶಾಲನಗರದ ಮಿಲ್ಲಿಗೆ, ಹೊಟ್ಟು ಬಿಡಿಸುವ ಕ್ಯೂರಿಂಗ್‌ಗೆ ಕಳಿಸಬೇಕು ಅಂತ ಮ್ಯಾನೇಜರ್ ಅವಸರ. ನಮ್ಮ ಗಾಡಿಯ ಪಾಸಿಂಗ್, ಅಂದರೆ ಹೊರಲು ಅನುಮತಿ ಇರುವ ಲೋಡ್, ಒಂದೂವರೆ ಟನ್. ಐವತ್ತು ಕೆಜಿಯ ಮೂವತ್ತು ಚೀಲ. ಅವತ್ತು ಮೂವತ್ತೆಂಟು ಹಾಕಿಸಿದರು. "ಇಳಿಜಾರಲ್ವಾ, ಗಾಡಿಗೆ ಏನು ಕಷ್ಟ" ಅಂದರು. ಇಳಿಜಾರಿನಲ್ಲೇ ಲೋಡ್ ಜಾಸ್ತಿ ಕಷ್ಟ ಅಂತ ಸ್ಟೇರಿಂಗ್ ಹಿಡಿದವನಿಗೆ ಗೊತ್ತು. ನಾನು ಬಾಯಿ ಬಿಡಲಿಲ್ಲ.

ಗಾಡಿಯಲ್ಲಿ ಎರಡು ತೊಂದರೆ ಇದ್ದವು. ಬ್ಯಾಟರಿ ವೀಕ್, ಬೆಳಗ್ಗಿನ ಚಳಿಗೆ ಸೆಲ್ಫ್ ಹೊಡೆಯುತ್ತಿರಲಿಲ್ಲ. ಹ್ಯಾಂಡ್‌ಬ್ರೇಕ್ ಕೇಬಲ್ ಎಳೆದುಹೋಗಿತ್ತು. ಮೊದಲು ಐದು ಕಟಕಟಕ್ಕೆ ಬಿಗಿಯಾಗುತ್ತಿದ್ದ ಲಿವರ್ ಈಗ ಹತ್ತಕ್ಕೆ ಬಂದರೂ ಸಡಿಲ. ಎರಡನ್ನೂ ಡಿಸೆಂಬರ್‌ನಲ್ಲೇ ಹೇಳಿದ್ದೆ. "ಸೀಸನ್ ಮುಗಿಲಿ, ಒಟ್ಟಿಗೆ ಮಾಡಿಸೋಣ" ಅಂತ ಉತ್ತರ ಬಂತು. ಬಾಯಲ್ಲಿ ಹೇಳಿದ್ದೆ ಅಷ್ಟೆ, ಲಾಗ್ ಬುಕ್‌ನಲ್ಲಿ ಬರೆದಿರಲಿಲ್ಲ.

ಲೋಡಿನ ಚಲನ್ ತಗೊಳ್ಳೋಕೆ ತೋಟದ ಲೆಕ್ಕ ಬರೆಯುವ ರೈಟರ್ ಆಫೀಸಿನ ಹತ್ತಿರ ನಿಲ್ಲಿಸಿದೆ. ಪಂಚಾಯಿತಿ ರಸ್ತೆ, ಒಂದು ಕಡೆ ಬರೆ, ಇನ್ನೊಂದು ಕಡೆ ತೋಟದ ಬೇಲಿ. ಗಾಡಿಯ ಮೂತಿ ಇಳಿಜಾರಿನ ಕಡೆಗಿತ್ತು. ಕೆಳಗೆ ಇಪ್ಪತ್ತು ಅಡಿ ದೂರದಲ್ಲಿ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲು ಮನೆ) ಹೆಂಗಸರು ಟ್ರ್ಯಾಕ್ಟರ್‌ಗೆ ಕಾಯುತ್ತಾ ನಿಂತಿದ್ದರು. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲ್ಲ ಅಂತ ಇಂಜಿನ್ ಓಡುತ್ತಿರುವಾಗಲೇ ಇಳಿದೆ. ಇಂಜಿನ್ ಓಡುತ್ತಿದ್ದರೆ ಗೇರಿನಲ್ಲಿ ಬಿಡೋ ಹಾಗಿಲ್ಲ. ಹಾಗಾಗಿ ನ್ಯೂಟ್ರಲ್. ಒಂದು ಟನ್ ಒಂಬೈನೂರು ಕೆಜಿ ಕಾಫಿ, ಗಾಡಿಯ ಸ್ವಂತ ತೂಕ ಬೇರೆ, ಎಲ್ಲ ನಿಂತಿದ್ದು ಆ ಎಳೆದುಹೋದ ಕೇಬಲ್ ಮೇಲೆ. ಎರಡು ನಿಮಿಷದ ಕೆಲಸ ಅಂದುಕೊಂಡೆ. ದಿನಾ ಹಾಗೇ ನಿಲ್ಲಿಸುತ್ತಿದ್ದೆ, ದಿನಾ ನಿಲ್ಲುತ್ತಿತ್ತು.

ಕ್ಲೀನರ್ ಹುಡುಗ ಹಿಂದೆ ಟಾರ್ಪಲ್ ಹಗ್ಗ ಬಿಗಿಯುತ್ತಿದ್ದ. ಅವನಿಗೆ ನಾನು ಏನೂ ಹೇಳಲಿಲ್ಲ, ಗಾಡಿ ಉರುಳದ ಹಾಗೆ ಚಕ್ರಕ್ಕೆ ಕಲ್ಲು ಕೊಡು ಅಂತಲೂ ಹೇಳಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ರೈಟರ್ ಚೀಲದ ಲೆಕ್ಕ ಬರೆಯುತ್ತಿದ್ದರು. ನನಗೆ ಮೊದಲು ಕೇಳಿಸಿದ್ದು ಜಲ್ಲಿ ಸದ್ದು. ಟೈರಿನ ಕೆಳಗೆ ಸಣ್ಣ ಜಲ್ಲಿ ಪುಡಿಯಾಗುವ ಸದ್ದು. ಕಿಟಕಿಯಲ್ಲಿ ನೋಡಿದರೆ ಟಾರ್ಪಲ್ ನಿಧಾನಕ್ಕೆ ಮುಂದೆ ಹೋಗುತ್ತಿತ್ತು. ಎಷ್ಟು ನಿಧಾನ ಅಂದರೆ, ಓಡಿದರೆ ಹಿಡಿಯಬಹುದು ಅನ್ನಿಸಿತು. ಓಡಿದೆ. ಬಾಗಿಲು ಸಿಕ್ಕಿತು, ತೆಗೆದೆ, ಒಂದು ಕಾಲು ಒಳಗಿಟ್ಟೆ. ಅಷ್ಟರಲ್ಲಿ ಗಾಡಿಗೆ ವೇಗ ಬಂದಿತ್ತು. ಇನ್ನೊಂದು ಕಾಲು ಜಾರಿ ನಾನು ರಸ್ತೆ ಮೇಲೆ ಬಿದ್ದೆ. ಬಿದ್ದಲ್ಲಿಂದಲೇ "ಸರಿಯಿರಿ, ಸರಿಯಿರಿ" ಅಂತ ಕೂಗಿದೆ. ಎಲ್ಲರೂ ಓಡಿದರು. ಒಬ್ಬ ಅಕ್ಕ ಬುತ್ತಿ ಚೀಲ ಎತ್ತಿಕೊಳ್ಳೋಕೆ ಬಗ್ಗಿದರು. ಗಾಡಿ ಎಡಕ್ಕೆ ತಿರುಗಿ ಬರೆಗೆ ಗುದ್ದಿ ನಿಂತಿತು. ಅಕ್ಕನ ಬಲಗಾಲಿನ ಪಾದ ಮುಂದಿನ ಚಕ್ರಕ್ಕೂ ಬರೆಗೂ ಮಧ್ಯೆ ಇತ್ತು.

ಇಂಜಿನ್ ಇನ್ನೂ ಓಡುತ್ತಲೇ ಇತ್ತು. ಸೀಟಿಗೆ ಹತ್ತಿ ರಿವರ್ಸ್ ಹಾಕಿದೆ. ಕೈಕಾಲು ನಡುಗುತ್ತಿತ್ತು, ಕ್ಲಚ್ ತಪ್ಪಿದರೆ ಗಾಡಿ ಮತ್ತೆ ಅವರ ಮೇಲೇ ಹೋಗುತ್ತೆ. ಒಂದು ಅಡಿ ಹಿಂದೆ ಬಂತು. ಆ ಕ್ಷಣಕ್ಕೆ ಹುಡುಗ ಎಲ್ಲಿಂದಲೋ ದೊಡ್ಡ ಕಲ್ಲು ತಂದು ಚಕ್ರದ ಮುಂದೆ ಇಟ್ಟ. ಯಾರೂ ಹೇಳಿರಲಿಲ್ಲ.

ಜನ ಸೇರಿದರು. "ಏನಾಯಿತು?" ಅಂತ ಯಾರೋ ಕೇಳಿದರು. ನನ್ನ ಬಾಯಿಂದ ಬಂದ ಮಾತು ಇದು: "ಕಲ್ಲು ಕೊಡು ಅಂತ ಇವನಿಗೆ ಹೇಳಿದ್ದೆ, ಕೊಟ್ಟಿಲ್ಲ." ಸುಳ್ಳು. ಹುಡುಗ ನನ್ನ ಮುಖ ನೋಡಿದ. ಅವನಿಗೆ ಹತ್ತೊಂಬತ್ತು ವರ್ಷ, ನನ್ನನ್ನು ಅಣ್ಣ ಅಂತ ಕರೆಯುವವನು. ಏನೂ ಮಾತಾಡಲಿಲ್ಲ. ಅಪಘಾತಕ್ಕಿಂತ ಜಾಸ್ತಿ ನನಗೆ ನೆನಪಾಗೋದು ಆ ನೋಟ.

ಮ್ಯಾನೇಜರ್ ಜೀಪಿನಲ್ಲಿ ಬಂದರು. ಅಕ್ಕನನ್ನು ಅದರಲ್ಲೇ ಮಡಿಕೇರಿ ಆಸ್ಪತ್ರೆಗೆ ಕರೆದುಕೊಂಡು ಹೊರಟೆವು. ದಾರಿಯಲ್ಲಿ ಮ್ಯಾನೇಜರ್ ಮೆಲ್ಲಗೆ ಹೇಳಿದರು. "ಸ್ಟೇಷನ್‌ಗೆಲ್ಲ ಬೇಡ. ಖರ್ಚು ತೋಟದಿಂದ ನೋಡಿಕೊಳ್ಳೋಣ. ಕೇಳಿದರೆ ಹುಡುಗ ಕಲ್ಲು ಕೊಟ್ಟಿಲ್ಲ ಅಂದರೆ ಮುಗೀತು." ನನ್ನ ಸುಳ್ಳು ಒಂದು ಗಂಟೆಯೊಳಗೆ ತೋಟದ ಸುಳ್ಳಾಗಿತ್ತು. ಹಿಂದಿನ ಸೀಟಿನಲ್ಲಿ ಅಕ್ಕ ಹಲ್ಲು ಕಚ್ಚಿ ಕೂತಿದ್ದರು. ಅವರಿಗೂ ಕೇಳಿಸಿರಬೇಕು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಆಗೋವರೆಗೆ ಹೊರಗೆ ನಿಂತಿದ್ದೆ. ಪಾದದ ಎರಡು ಮೂಳೆ ಮುರಿದಿತ್ತು. ಅಲ್ಲಿಂದ ಬಸ್ಸು ಹತ್ತಿ ಸ್ಟೇಷನ್‌ಗೆ ಹೋದೆ. ಮ್ಯಾನೇಜರ್‌ಗೆ ಹೇಳಲಿಲ್ಲ. ಧೈರ್ಯ ಇತ್ತು ಅಂತ ಅಲ್ಲ, ಹುಡುಗನ ಮುಖ ಬಿಡುತ್ತಿರಲಿಲ್ಲ.

ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಕೇಳಿದ್ದು ಮೂರೇ ಪ್ರಶ್ನೆ. ಇಂಜಿನ್ ಆನ್ ಇತ್ತಾ? ಗೇರಿನಲ್ಲಿತ್ತಾ? ಸೀಟಿನಲ್ಲಿ ಲೈಸೆನ್ಸ್ ಇರುವವರು ಯಾರಿದ್ದರು? ಇದ್ದದ್ದು ಇದ್ದ ಹಾಗೆ ಹೇಳಿದೆ. ಕಲ್ಲಿನ ವಿಷಯ ಅವರು ಕೇಳಲೇ ಇಲ್ಲ. ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ಹೇಳೋದು ಇದನ್ನೇ. ರಸ್ತೆಯಲ್ಲಿ ಗಾಡಿ ನಿಲ್ಲಿಸಿದರೆ ಸೀಟಿನಲ್ಲಿ ಲೈಸೆನ್ಸ್ ಇರುವವರು ಇರಬೇಕು. ಇಲ್ಲದಿದ್ದರೆ ಇಂಜಿನ್ ಆಫ್ ಮಾಡಿ, ಬ್ರೇಕ್ ಹಾಕಿ, ಗಾಡಿ ತಾನಾಗಿ ಚಲಿಸದ ಹಾಗೆ ಮಾಡಿಯೇ ಇಳಿಯಬೇಕು. ಇದು ಡ್ರೈವರ್ ಕೆಲಸ. ಕ್ಲೀನರ್ ಕಲ್ಲು ಇಡಬಹುದು, ಆದರೆ ಕಲ್ಲು ಇದೆಯಾ ಅಂತ ನೋಡಿ ಹೋಗಬೇಕಾದವನು ನಾನು. 1988ರ ಕಾಯ್ದೆ ಇದು. ಹನ್ನೊಂದು ವರ್ಷ ಓಡಿಸಿದವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಹೆಲ್ಮೆಟ್, ಸೀಟ್ ಬೆಲ್ಟ್, ಇನ್ಶೂರೆನ್ಸ್, ಎಫ್‌ಸಿ, ಅಷ್ಟೆ.

190ನೇ ಸೆಕ್ಷನ್ ಇನ್ನೂ ಚುಚ್ಚಿತು. ಗಾಡಿಯಲ್ಲಿ ಅಪಾಯ ತರುವ ದೋಷ ಇದೆ ಅಂತ ಗೊತ್ತಿದ್ದೂ ಓಡಿಸಿದರೆ ತಪ್ಪು. ಅದರಿಂದ ಯಾರಿಗಾದರೂ ಪೆಟ್ಟಾದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಓಡಿಸಿದವನಿಗೆ ಮಾತ್ರ ಅಲ್ಲ, ಓಡಿಸಲು ಬಿಟ್ಟವರಿಗೂ ಇದು ಅನ್ವಯ. ಆದರೆ ನಾನು ಡಿಸೆಂಬರ್‌ನಲ್ಲಿ ಹೇಳಿದ್ದಕ್ಕೆ ಕಾಗದ ಎಲ್ಲಿದೆ? "ನನಗೆ ಹೇಳೇ ಇಲ್ಲ" ಅಂತ ಮ್ಯಾನೇಜರ್ ಎಲ್ಲರ ಮುಂದೆ ಹೇಳಿದರು. ನನಗೆ ಬಾಯಿ ಇರಲಿಲ್ಲ. ಈಗ ಲಾಗ್ ಬುಕ್‌ನಲ್ಲಿ ಬರೆಯುತ್ತೇನೆ, ತಾರೀಖು ಹಾಕುತ್ತೇನೆ, ಫೋಟೋ ತೆಗೆದು ರೈಟರ್‌ಗೆ ವಾಟ್ಸಾಪ್ ಮಾಡುತ್ತೇನೆ. ಅವರಿಗೆ ಇದು ಕಿರಿಕಿರಿ. ಇರಲಿ.

"ಸ್ಟೇಷನ್ ಬೇಡ, ನಾವೇ ನೋಡಿಕೊಳ್ಳೋಣ" ಅನ್ನೋ ಮಾತು ನಮ್ಮ ಕಡೆ ತುಂಬಾ ಓಡುತ್ತೆ. ಕೇಳೋಕೆ ಒಳ್ಳೆ ಮನಸ್ಸಿನ ಮಾತಿನ ಹಾಗೆ ಇರುತ್ತೆ. ನಷ್ಟ ಆಗೋದು ಪೆಟ್ಟು ತಿಂದವರಿಗೆ. 134ನೇ ಸೆಕ್ಷನ್ ಪ್ರಕಾರ ಡ್ರೈವರ್ ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸಬೇಕು. ಜನ ಹೊಡೆಯೋಕೆ ಬಂದು ಅಲ್ಲಿ ನಿಲ್ಲೋಕೇ ಆಗದಿದ್ದರೆ ಆ ಮಾತು ಬೇರೆ. ಹೇಗೇ ಇದ್ದರೂ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಬೇಕು. ಅಕ್ಕನಂಥವರಿಗೆ ತೀವ್ರ ಪೆಟ್ಟಾದರೆ ಯಾರ ತಪ್ಪು ಅಂತ ಸಾಬೀತು ಮಾಡದೆಯೇ 2.5 ಲಕ್ಷ ರೂಪಾಯಿ ಪರಿಹಾರ ಕೇಳಲು 164ನೇ ಸೆಕ್ಷನ್ ಇದೆ. 2025ರ ಮೇ ತಿಂಗಳಲ್ಲಿ ಬಂದ ಸ್ಕೀಮ್‌ನಲ್ಲಿ, ಅದಕ್ಕೆ ಸೇರಿದ ಆಸ್ಪತ್ರೆಗಳಲ್ಲಿ, ಅಪಘಾತ ಆದ ದಿನದಿಂದ 7 ದಿನ, ಒಂದೂವರೆ ಲಕ್ಷದವರೆಗೆ ದುಡ್ಡು ಕಟ್ಟದೆ ಚಿಕಿತ್ಸೆ ಸಿಗುತ್ತೆ. ಪೊಲೀಸ್ ದಾಖಲೆ ಇಲ್ಲದಿದ್ದರೆ ಇದೆಲ್ಲ ಕೈಗೆ ಸಿಗಲ್ಲ. ತೋಟದವರು ಎರಡು ವಾರ ಔಷಧಿಗೆ ಕೊಟ್ಟು ಸುಮ್ಮನಾಗಿದ್ದರೆ ಅಕ್ಕ ಯಾರ ಬಾಗಿಲಿಗೆ ಹೋಗಬೇಕಿತ್ತು?

ನನ್ನ ಮೇಲಿನ ಕೇಸ್ ನಡೆಯುತ್ತಿದೆ. ಅದು ನನ್ನದು, ನಾನು ನೋಡಿಕೊಳ್ಳುತ್ತೇನೆ.

ಕೇಬಲ್, ಬ್ಯಾಟರಿ ಎರಡೂ ಮಾರನೇ ದಿನವೇ ಬದಲಾದವು. ಎರಡು ಗಂಟೆ ಕೆಲಸ. ಒಂದು ತಿಂಗಳು ಎರಡು ಗಂಟೆ ಸಿಕ್ಕಿರಲಿಲ್ಲ.

ಈಗ ನಿಲ್ಲಿಸುವಾಗ ಎಷ್ಟೇ ಅವಸರ ಇದ್ದರೂ ಇಂಜಿನ್ ಆಫ್. ಮೂತಿ ಇಳಿಜಾರಿಗಿದ್ದರೆ ರಿವರ್ಸ್ ಗೇರ್, ಏರಿಗಿದ್ದರೆ ಫಸ್ಟ್. ಚಕ್ರ ಬರೆಯ ಕಡೆ ತಿರುಗಿಸಿ ಇಡುತ್ತೇನೆ. ಎರಡು ಮರದ ಗಟ್ಟಿ ತುಂಡು ಕೊಯ್ಯಿಸಿ ಸೀಟಿನ ಹಿಂದೆ ಇಟ್ಟಿದ್ದೇನೆ, ರಸ್ತೆಬದಿಯ ಕಲ್ಲಿಗೆ ಹುಡುಕಾಡೋ ಕೆಲಸ ಇಲ್ಲ. ಅದನ್ನು ನಾನೇ ಇಡುತ್ತೇನೆ. ಮೂವತ್ತೊಂದನೇ ಚೀಲ ಎತ್ತಿದರೆ ಗಾಡಿಯಿಂದ ಇಳಿದು ನಿಲ್ಲುತ್ತೇನೆ. ಎರಡು ಸಲ ಜಗಳ ಆಯಿತು, ಮೂರನೇ ಸಲ ಅವರೇ ಎರಡು ಟ್ರಿಪ್ ಮಾಡಿಸಿದರು.

ಹುಡುಗನಿಗೆ ಕಣದಲ್ಲಿ ಎಲ್ಲರೂ ಇದ್ದಾಗಲೇ ಹೇಳಿದೆ. ಅವತ್ತು ನಿನಗೆ ನಾನು ಏನೂ ಹೇಳಿರಲಿಲ್ಲ, ಸುಳ್ಳು ಹೇಳಿದೆ, ತಪ್ಪಾಯಿತು ಅಂತ. "ಬಿಡಿ ಅಣ್ಣ" ಅಂದ. ಮಾರ್ಚ್‌ನಲ್ಲಿ ಅವನು ಗೋಣಿಕೊಪ್ಪದ ಕಡೆ ಬೇರೆ ಕೆಲಸಕ್ಕೆ ಹೋದ. ಲೈಸೆನ್ಸ್ ಮಾಡಿಸುತ್ತಿದ್ದಾನಂತೆ.

ಅಕ್ಕ ನಾಲ್ಕು ತಿಂಗಳ ಮೇಲೆ ಕೆಲಸಕ್ಕೆ ಬಂದರು. ಕಣದ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳುತ್ತಾರೆ. ನನ್ನ ಹತ್ತಿರ ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ನನ್ನ ಗಾಡಿ ಬಂದು ನಿಂತರೆ ಅವರು ಮೊದಲು ನೋಡೋದು ಚಕ್ರದ ಕಡೆ.