ಅಮ್ಮ ಮುಚ್ಚಿಟ್ಟ ಲ್ಯಾಪ್‌ಟಾಪ್

ದೀಪಾವಳಿಗೆ ಶಿವಮೊಗ್ಗಕ್ಕೆ ಹೋದ ದಿನ ಚೀಲ ಇಳಿಸುವ ಮೊದಲೇ ಅಪ್ಪ ಲ್ಯಾಪ್‌ಟಾಪ್ ತಂದು ಮುಂದಿಟ್ಟರು. "ಏನೋ ಬರ್ತಾ ಇದೆ ನೋಡು ಮಾರಾಯ."

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು ಅನ್ನುವ ಸೂಚನೆ ಅದು. 2014ರ ಯಂತ್ರ, ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ್‍ಯಾಮ್. ವಿಂಡೋಸ್ 11, ಕೆಲವೇ ಕೆಲವು ಬಿಟ್ಟರೆ, ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರನ್ನು ಒಪ್ಪುವುದಿಲ್ಲ. ಗುಜರಿಗೆ ಹಾಕೋಣ ಅಂದೆ. "ಸಿಡಿ ಹಾಕೋ ಜಾಗ ಇರೋದು ಇದೊಂದಕ್ಕೇ" ಅಂದರು ಅಪ್ಪ.

ಸಿಡಿ ಅಂದರೆ ಬೀರುವಿನಲ್ಲಿದ್ದ 23 ಡಿವಿಡಿಗಳು. ಅಪ್ಪ ಅಮ್ಮನ ಮದುವೆ 1988ರದ್ದು. ಆಗಿನ ವಿಎಚ್‌ಎಸ್ ಕ್ಯಾಸೆಟ್ಟನ್ನು ಯಾವಾಗಲೋ ಸ್ಟುಡಿಯೋದಲ್ಲಿ ಡಿವಿಡಿಗೆ ಹಾಕಿಸಿದ್ದರು. ಉಳಿದವು ಅಕ್ಕನ ಮದುವೆ, ಗೃಹಪ್ರವೇಶ, ನನ್ನ ಉಪನಯನ. ಪ್ಲೇಯರ್ ಕೆಟ್ಟು ನಾಲ್ಕು ವರ್ಷ ಆಗಿತ್ತು. ಸರಿ, ಇದನ್ನೇ ಮನೆಯ ಮೀಡಿಯಾ ಸರ್ವರ್ ಮಾಡೋಣ, ವಿಡಿಯೋ ಎಲ್ಲ ಇದರಲ್ಲಿಟ್ಟು ಟಿವಿಗೂ ಫೋನಿಗೂ ಕಳಿಸೋಣ ಅಂತ ಕೂತೆ.

ವಿಂಡೋಸ್ ತೆಗೆದು ಡೆಬಿಯನ್ 13 ಅನ್ನುವ ಲಿನಕ್ಸ್ ಹಾಕಿದ್ದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಅದರ ಮೇಲೆ ವಿಡಿಯೋ ತೋರಿಸುವ ಯಾವ ಸಾಫ್ಟ್‌ವೇರ್ ಕೂರಿಸಬೇಕು ಅನ್ನುವುದಕ್ಕೆ ಮಾತ್ರ ತಲೆ ಕೆಡಿಸಿಕೊಂಡೆ. ಕೋಡಿ ಇದೆ. (ಹೆಸರು ಕೇಳಿದ ಅಪ್ಪ ಯಾವ ಕೆರೆ ತುಂಬಿತು ಅಂದರು.) ಅದು ಒಂದು ಟಿವಿಯ ಹಿಂದೆ ಕೂತು ಕೆಲಸ ಮಾಡುವುದಕ್ಕೆ ಚೆನ್ನ. ನನಗೆ ಹಾಲ್‌ನ ಟಿವಿಯಲ್ಲೂ ಅಮ್ಮನ ಫೋನಿನಲ್ಲೂ ಬರಬೇಕಿತ್ತು. ಪ್ಲೆಕ್ಸ್ ನೋಡಲು ಚೆಂದ, ಆದರೆ ಖಾತೆ ತೆರೆಯಬೇಕು. ನಮ್ಮ ಮನೆಯಲ್ಲಿ ಪಾಸ್‌ವರ್ಡ್ ಬರೆದಿಟ್ಟ ಡೈರಿಯೇ ಕಳೆದುಹೋಗುತ್ತದೆ. ಕೊನೆಗೆ ಜೆಲ್ಲಿಫಿನ್. ಎಂಬಿ ಅನ್ನುವ ಸಾಫ್ಟ್‌ವೇರ್ 2018ರಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದ ತನ್ನ ಕೋಡ್ ಮುಚ್ಚಿಕೊಂಡಾಗ, ಒಪ್ಪದವರು ಹಳೆಯ ಕೋಡನ್ನೇ ಹಿಡಿದು ಬೇರೆ ಒಲೆ ಹೂಡಿದ್ದು ಇದು. ದುಡ್ಡಿಲ್ಲ, ಇಂಟರ್ನೆಟ್ ಹೋದರೂ ಮನೆಯೊಳಗೆ ನಡೆಯುತ್ತದೆ.

ಮೊದಲ ಡಿಸ್ಕ್ ಹಾಕಿದೆ. ಯಾರಾದರೂ ಕೈ ಆಡಿಸಿದರೆ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ. ಹಳೆಯ ಟಿವಿಗೆ ಸೆಕೆಂಡಿಗೆ 50 ಅರ್ಧ ಚಿತ್ರ ಕಳಿಸುತ್ತಿದ್ದರು, ಒಮ್ಮೆ ಸಮ ಗೆರೆ, ಒಮ್ಮೆ ಬೆಸ ಗೆರೆ. ಈಗಿನ ಪರದೆಯಲ್ಲಿ ಎರಡನ್ನೂ ಒಟ್ಟಿಗೆ ತೋರಿಸಿದರೆ ಹೀಗೆ ಹಲ್ಲು ಮೂಡುತ್ತದೆ. ವಿಡಿಯೋ ಬದಲಿಸುವ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರಿನಲ್ಲಿ ಈ ಹಲ್ಲು ತೆಗೆಯುವ ಡಿ-ಇಂಟರ್ಲೇಸ್ ಹಾಕಿ, ಹೆಚ್ಚುಕಡಿಮೆ ಎಲ್ಲ ಕಡೆ ಓಡುವ ಎಚ್.264 ರೂಪಕ್ಕೆ ಬದಲಿಸಿದೆ. ಅದಕ್ಕಿಂತ ಹೊಸ ಎಚ್.265 ಹಾಕಿದ್ದರೆ ಜಾಗ ಉಳಿಯುತ್ತಿತ್ತು. ಆದರೆ ಅದನ್ನು ಓದಲು ಬಾರದ ಕಡೆ ಸರ್ವರ್ ಆಗಿಂದಾಗಲೇ ಬದಲಿಸಿ ಕಳಿಸಬೇಕು, ಈ ಮುದುಕನಿಗೆ ಆ ಹೊರೆ ಬೇಡ ಅನ್ನಿಸಿತು.

ಫೈಲಿಗೆ ಇಂಗ್ಲಿಷಿನಲ್ಲಿ 'ವೆಡ್ಡಿಂಗ್ 1988' ಅಂತ ಹೆಸರು ಕೊಟ್ಟಿದ್ದೆ. ಅದು ಸಿನಿಮಾ ಅಂದುಕೊಂಡ ಜೆಲ್ಲಿಫಿನ್ ಎಲ್ಲಿಂದಲೋ ಒಂದು ಪೋಸ್ಟರ್ ತಂದು ಅಂಟಿಸಿತು. ಬಿಳಿ ಗೌನು ತೊಟ್ಟ ಮದುಮಗಳು. ಅಮ್ಮ ಕನ್ನಡಕ ಏರಿಸಿ, "ಇವಳ್ಯಾರು?" ಅಂತ ಅಪ್ಪನನ್ನು ಕೇಳಿದರು. ಸಿನಿಮಾ ಅನ್ನುವ ಗುಂಪಿನಿಂದ ತೆಗೆದು ಹೋಮ್ ವಿಡಿಯೋ ಗುಂಪಿಗೆ ಹಾಕಿದ ಮೇಲೆ ಅವಳು ಹೋದಳು.

ಯಾವ ಡಿಸ್ಕಿನಲ್ಲಿ ಏನಿದೆ ಅಂತ ಅಪ್ಪ ಹಿಂದೆ 'ನುಡಿ' ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟಿದ್ದರು. ಲಿನಕ್ಸಿನ ಲಿಬ್ರೆಆಫೀಸಿನಲ್ಲಿ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ, ಬರೀ ಇಂಗ್ಲಿಷಿನ ಚೂರುಪಾರು. ಎಲ್ಲ ಯಂತ್ರಕ್ಕೂ ಅರ್ಥವಾಗುವ ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ತೋರಿಸುವ ಹಳೆಯ ಫಾಂಟು. "ನಾನು ಸರಿಯಾಗೇ ಹೊಡೆದಿದ್ದೆ" ಅಂದರು ಅಪ್ಪ, ಸ್ವಲ್ಪ ಬೇಜಾರಿನಲ್ಲೇ. ಯೂನಿಕೋಡಿಗೆ ಬದಲಿಸಿ, ಅವರ ಪಟ್ಟಿಯಿಂದಲೇ ಎಲ್ಲಕ್ಕೂ ಕನ್ನಡ ಹೆಸರು ಕೊಟ್ಟೆ. ಟಿವಿಯಲ್ಲಿ 'ಗೃಹಪ್ರವೇಶ, ಭಾಗ 2' ಅಂತ ಬಂದಾಗ ಅಪ್ಪ ಎದ್ದು ಹತ್ತಿರ ಹೋಗಿ ಓದಿದರು.

ಎಂಟು ಡಿಸ್ಕನ್ನು ಮೊದಲು ಯಂತ್ರಕ್ಕೆ ಇಳಿಸಿಕೊಂಡು, ರಾತ್ರಿ ಅವನ್ನು ಬದಲಿಸುವ ಕೆಲಸ ಸಾಲಾಗಿ ಹಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ಎರಡನೆಯದರ ಅರ್ಧಕ್ಕೇ ನಿಂತಿದೆ. ಬಿಸಿಯಾಗಿರಬೇಕು ಅಂದುಕೊಂಡೆ. ಆಮೇಲೆ ಹಾರ್ಡ್ ಡಿಸ್ಕ್ ಮೇಲೆ ಅನುಮಾನ. ಕರೆಂಟು ಹೋಗಿರಲಿಲ್ಲ, ಹೋಗಿದ್ದರೂ ಬ್ಯಾಟರಿ ಇತ್ತು. ಎಣ್ಣೆಸ್ನಾನಕ್ಕೆ ಕರೆಯುತ್ತಿದ್ದರೂ ಏಳದೆ, ಯಂತ್ರ ತಾನೇ ಬರೆದಿಡುವ ದಿನಚರಿ, ಅಂದರೆ ಲಾಗ್, ಓದಿದೆ. ರಾತ್ರಿ 10.12ಕ್ಕೆ ಮುಚ್ಚಳ ಮುಚ್ಚಿದೆ, ಯಂತ್ರ ಮಲಗಿದೆ.

"ಅಮ್ಮಾ, ಇದನ್ನ ಮುಚ್ಚಿದ್ರಾ?"

"ಮತ್ತೆ? ತೆರೆದಿಟ್ಟರೆ ಹಲ್ಲಿ ಬೀಳಲ್ವಾ?"

ಜವಾಬು ಇರಲಿಲ್ಲ. ಮುಚ್ಚಬೇಡಿ ಅಂತ ಚೀಟಿ ಅಂಟಿಸಬಹುದಿತ್ತು, ನಾನು ಬೆಂಗಳೂರಿಗೆ ಹೋದ ಮೇಲೆ ಅದು ಎಷ್ಟು ದಿನ ಇರುತ್ತಿತ್ತೋ. ಲಿನಕ್ಸಿನಲ್ಲಿ ಮುಚ್ಚಳ ಮುಚ್ಚಿದಾಗ ಏನು ಮಾಡಬೇಕು ಅಂತ ನೋಡಿಕೊಳ್ಳುವ ಸಿಸ್ಟಂ-ಡಿಯ ಲಾಗಿನ್‌ಡಿ ಸೆಟ್ಟಿಂಗಿನಲ್ಲಿ 'ಹ್ಯಾಂಡಲ್ ಲಿಡ್ ಸ್ವಿಚ್' ಅನ್ನುವ ಒಂದು ಸಾಲಿದೆ. ಅದಕ್ಕೆ 'ಇಗ್ನೋರ್' ಅಂತ ಕೊಟ್ಟೆ. ಇನ್ನು ಮುಚ್ಚಿದರೂ ನಡೆಯುತ್ತದೆ. ರೂಟರ್ ಆಫ್ ಆಗಿ ಬಂದಾಗ ಮನೆಯ ನೆಟ್‌ವರ್ಕಿನಲ್ಲಿ ಈ ಯಂತ್ರದ ವಿಳಾಸ ಬದಲಾಗದಂತೆ ಅದನ್ನೂ ಕಟ್ಟಿಹಾಕಿದೆ.

ಪಾಡ್ಯದ ಸಂಜೆ ಮದುವೆ ಹಾಕಿದೆವು. ತಾಳಿ ಕಟ್ಟುವುದು ಎರಡು ನಿಮಿಷ, ಊಟದ ಪಂಕ್ತಿ ಮುಕ್ಕಾಲು ಗಂಟೆ. ವಿಡಿಯೋದವನು ಒಬ್ಬೊಬ್ಬರ ಎಲೆಯ ಮುಂದೂ ಲೈಟು ಹಿಡಿದು ನಿಂತಿದ್ದಾನೆ. ಎಲ್ಲರೂ ಕಣ್ಣು ಕಿರಿದು ಮಾಡಿ ಸಾರನ್ನ ಕಲಸುತ್ತಾರೆ. ನಾನು ಮುಂದೆ ಓಡಿಸಲು ಹೋದರೆ ಅಮ್ಮ ರಿಮೋಟ್ ಕಿತ್ತುಕೊಂಡರು. "ಅದೇ ನೋಡೋದು. ತಡಿ, ನಮ್ಮ ಚಿಕ್ಕಮ್ಮ ಬರ್ತಾರೆ ಈಗ." ಬಂದರು. ನಿಲ್ಲಿಸಿದರು. ಮತ್ತೆ ಹಿಂದೆ ಹೋದರು.

ಹೊರಡುವ ದಿನ ನೋಡಿದರೆ ಲ್ಯಾಪ್‌ಟಾಪ್ ಮುಚ್ಚಿತ್ತು. ಮೇಲೊಂದು ಕ್ರೋಶಾ ಬಟ್ಟೆ, ಅದರ ಮೇಲೆ ರಿಮೋಟ್. ಗಾಳಿ ಹೋಗುವ ಕಿಂಡಿ ಮುಚ್ಚಿದ್ದಾರಾ ಅಂತ ಬಗ್ಗಿ ನೋಡಿದೆ. ಅಷ್ಟು ಜಾಗ ಬಿಟ್ಟು ಬಟ್ಟೆ ಮಡಚಿದ್ದರು.